'ಶೇ 27' ಎಂಬ ಸುದ್ದಿಯ ಹಿಂದಿನ ಲೆಕ್ಕ

ಪ್ರಶ್ನೆ: ಲೆಕಾನೆಮ್ಯಾಬ್ ಎಂಬ ಔಷಧ ಅಲ್ಝೈಮರ್ ಕಾಯಿಲೆಯನ್ನು 'ಶೇ 27ರಷ್ಟು ತಗ್ಗಿಸುತ್ತದೆ' ಎಂದು ಓದಿದೆ. ನಮ್ಮ ತಾಯಿಗೆ 74 ವರ್ಷ. ಈಗ ನಾವೇ ಸ್ನಾನ ಮಾಡಿಸಬೇಕು, ಕೆಲವೊಮ್ಮೆ ನಮ್ಮ ಗುರುತೂ ಸಿಗುವುದಿಲ್ಲ. ಹೊರದೇಶದಿಂದ ತರಿಸಬಹುದೇ? ಪ್ರಯೋಗಕ್ಕೆ ದುಡ್ಡು ಹಾಕಿದ್ದು ಔಷಧ ಕಂಪನಿಯೇ ಅಂತೆ. ನಂಬಬಹುದೇ?

ಉತ್ತರ: ತರಿಸಲು ಹೋಗಬೇಡಿ. ನಿಮ್ಮ ತಾಯಿಯ ಹಂತದಲ್ಲಿರುವವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅದರಲ್ಲಿದ್ದ 1,795 ಮಂದಿಯೂ ಆರಂಭದ ಹಂತದವರು. ಮಿದುಳಿನಲ್ಲಿ ಅಮಿಲಾಯ್ಡ್ (ಅಲ್ಝೈಮರ್‌ನಲ್ಲಿ ಮಿದುಳಲ್ಲಿ ಶೇಖರವಾಗುವ ಪ್ರೋಟೀನ್) ಇದೆಯೆಂದು ಪೆಟ್ ಸ್ಕ್ಯಾನಿನಲ್ಲೋ ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆಯಲ್ಲೋ ಖಚಿತವಾದವರು.

ಇನ್ನು ಆ 27. ನೂರು ಜನರಲ್ಲಿ 27 ಮಂದಿಗೆ ಗುಣವಾಯಿತು ಎಂದು ಹಲವರು ಓದಿಕೊಳ್ಳುತ್ತಾರೆ. ಗುಣವಾದವರು ಯಾರೂ ಇಲ್ಲ. ಅಳತೆಗೆ ಬಳಸಿದ್ದು 18 ಅಂಕಗಳ ಒಂದು ಮಾಪಕ. ನೆನಪು, ದಿನ-ಸ್ಥಳದ ಅರಿವು, ತೀರ್ಮಾನ ತೆಗೆದುಕೊಳ್ಳುವುದು, ಹೊರಗಿನ ವ್ಯವಹಾರ, ಮನೆಗೆಲಸ ಮತ್ತು ಹವ್ಯಾಸ, ಸ್ವಂತ ಆರೈಕೆ ಎಂಬ ಆರು ವಿಷಯ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಅಂಕ ಏರಿದಷ್ಟೂ ಕಾಯಿಲೆ ಹೆಚ್ಚಿದೆ ಎಂದರ್ಥ. ರೋಗಿಯನ್ನೂ ಮನೆಯವರನ್ನೂ ಮಾತನಾಡಿಸಿ ಅಂಕ ಹಾಕುತ್ತಾರೆ.

18 ತಿಂಗಳ ಕೊನೆಗೆ ಔಷಧವಿಲ್ಲದ ಡ್ರಿಪ್ ಪಡೆದವರ ಅಂಕ ಸರಾಸರಿ 1.66 ಏರಿತ್ತು, ಔಷಧ ಪಡೆದವರದು 1.21. ವ್ಯತ್ಯಾಸ 0.45. ಇದನ್ನು 1.66ರಿಂದ ಭಾಗಿಸಿದರೆ ಶೇ 27. ಇಡೀ ಮಾಪಕದ 18 ಅಂಕಗಳಿಗೆ ಹೋಲಿಸಿದರೆ ಶೇ 2.5. ಎರಡೂ ಸರಿಯಾದ ಲೆಕ್ಕವೇ, ಆದರೆ ತಲೆಬರಹಕ್ಕೆ ಹೋಗಿದ್ದು ಮೊದಲನೆಯದು ಮಾತ್ರ. ಈ ಮಾಪಕದಲ್ಲಿ ಒಬ್ಬ ರೋಗಿಯ ಅಂಕ ಕನಿಷ್ಠ ಬದಲಾಗಬಹುದಾದದ್ದೇ ಅರ್ಧ ಅಂಕ. ಸರಾಸರಿ ಲಾಭ ಅದಕ್ಕಿಂತಲೂ ಕಡಿಮೆ. ಮನೆಯವರ ಕಣ್ಣಿಗೆ ಬೀಳಬೇಕಾದರೆ ಒಂದು ಅಂಕವಾದರೂ ಬೇಕು ಎನ್ನುವ ತಜ್ಞರಿದ್ದಾರೆ.

ಅಪಾಯದ ಅಂಕಿಗಳು ಸುದ್ದಿಯ ಕೊನೆಯ ಪ್ಯಾರಾಕ್ಕೆ ಹೋಗಿಬಿಡುತ್ತವೆ. ಔಷಧ ಪಡೆದವರಲ್ಲಿ ಶೇ 12.6 ಮಂದಿಯ ಮಿದುಳಿನಲ್ಲಿ ಊತ ಕಂಡಿತು. ಇನ್ನೊಂದು ಗುಂಪಿನಲ್ಲಿ ಶೇ 1.7. ಹೆಚ್ಚಿನವರಿಗೆ ಅದು ಎಂಆರ್‌ಐನಲ್ಲಷ್ಟೇ ಗೊತ್ತಾಯಿತು ನಿಜ. ಆದರೆ ಅಲ್ಝೈಮರ್ ಸಾಧ್ಯತೆ ಹೆಚ್ಚಿಸುವ ಎಪಿಒಇ4 ಎಂಬ ಜೀನ್ ತಂದೆ-ತಾಯಿ ಇಬ್ಬರಿಂದಲೂ ಬಂದವರಲ್ಲಿ ಈ ಪ್ರಮಾಣ ಸುಮಾರು ಮೂರರಲ್ಲೊಂದು. ಹಾಗಾಗಿ ಜೀನ್ ಪರೀಕ್ಷೆ, ಶುರುವಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಎಂಆರ್‌ಐ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮಿದುಳಿನ ರಕ್ತಸ್ರಾವದ ಭಯ ಬೇರೆ. ಪ್ರಯೋಗದಲ್ಲಿ ಕೊಟ್ಟ ಡೋಸು ದೇಹತೂಕದ ಕೆಜಿಗೆ 10 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ ಡ್ರಿಪ್. ಅಮೆರಿಕದಲ್ಲಿ ಬಿಡುಗಡೆಯಾದಾಗ ವರ್ಷಕ್ಕೆ ಇಟ್ಟ ಬೆಲೆ 26,500 ಡಾಲರ್, ಅದೂ ಔಷಧಕ್ಕೆ ಮಾತ್ರ.

ದುಡ್ಡಿನ ವಿಷಯ: ಹೌದು, ಖರ್ಚು ಹಾಕಿದ್ದು ತಯಾರಕರಾದ ಐಸಾಯ್ ಮತ್ತು ಬಯೋಜೆನ್. ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ. ಇಂಥ ದೊಡ್ಡ ಔಷಧ ಪ್ರಯೋಗಗಳಿಗೆ ಹೆಚ್ಚಾಗಿ ಹಣ ಹಾಕುವುದು ಕಂಪನಿಗಳೇ. ನೋಡಬೇಕಾದದ್ದು, ಯಾವುದನ್ನು ಅಳೆಯುತ್ತೇವೆಂದು ಮೊದಲೇ ಬರೆದಿಟ್ಟಿದ್ದರೋ ಅದನ್ನೇ ವರದಿ ಮಾಡಿದ್ದಾರೆಯೇ ಎಂಬುದನ್ನು. ಲೆಕಾನೆಮ್ಯಾಬ್ ಪ್ರಯೋಗ ಈ ಮಟ್ಟಿಗೆ ನೇರವಾಗಿದೆ. ಬಯೋಜೆನ್‌ನ ಹಿಂದಿನ ಔಷಧ ಅಡುಕಾನುಮ್ಯಾಬ್ ಕಥೆ ಬೇರೆ. ಫಲ ಸಿಗದೆಂದು 2019ರ ಮಾರ್ಚ್‌ನಲ್ಲಿ ಅದರ ಎರಡು ಪ್ರಯೋಗಗಳನ್ನು ನಿಲ್ಲಿಸಿದರು. ಆಮೇಲೆ ಅಂಕಿಗಳನ್ನು ಮತ್ತೆ ಜಾಲಾಡಿ, ಒಂದರಲ್ಲಿ ಲಾಭವಿದೆ ಎಂದರು. ತನ್ನದೇ ಸಲಹಾ ಸಮಿತಿ ಬೇಡವೆಂದರೂ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದನ್ನು ಕೈಬಿಡುವುದಾಗಿ 2024ರ ಜನವರಿಯಲ್ಲಿ ಕಂಪನಿಯೇ ಪ್ರಕಟಿಸಿತು.

ಭಾರತದ ಪ್ರಯೋಗಗಳಾದರೆ ಸಿಟಿಆರ್‌ಐ ಎಂಬ ಪ್ರಯೋಗಗಳ ನೋಂದಣಿ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. 'ಪ್ರೈಮರಿ ಔಟ್‌ಕಮ್' (ಮುಖ್ಯವಾಗಿ ಅಳೆಯುವ ಫಲಿತಾಂಶ) ಎಂಬಲ್ಲಿ ಬರೆದದ್ದನ್ನು ಸುದ್ದಿಯ ಜತೆ ತಾಳೆ ನೋಡಿ.

ತಾಯಿಯವರ ಮಟ್ಟಿಗೆ, ಮುಂದುವರಿದ ಹಂತದ ಅಲ್ಝೈಮರ್‌ಗೆ ಕೊಡುವ ಮೆಮಾಂಟಿನ್ ಮಾತ್ರೆಯಿಂದ ಪ್ರಯೋಜನ ಇದೆಯೇ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ನ್ಯೂರಾಲಜಿಸ್ಟರನ್ನು ಕೇಳಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ಮೂತ್ರ ತಡೆಯುವ ಕೆಲವು ಮಾತ್ರೆ ಮತ್ತು ಅಲರ್ಜಿ ಮಾತ್ರೆಗಳೂ ಗೊಂದಲ ಹೆಚ್ಚಿಸಬಹುದು.