ಹೆಪ್ಪು ಹೊರಬಂದೀತೇ? ಕಂಪ್ಯೂಟರಿಗೆ ಕೇಳುವ ಮುನ್ನ

ಪ್ರಶ್ನೆ: ಮೆಕ್ಯಾನಿಕಲ್ ಎಂ.ಟೆಕ್ ಮುಗಿದಿದೆ. ಲಕ್ವಾ ಹೊಡೆದವರ ಮಿದುಳಿನ ನಾಳದಿಂದ ಸ್ಟೆಂಟ್ (ಲೋಹದ ಜಾಲರಿ ಕೊಳವೆ) ಹಾಕಿ ರಕ್ತದ ಹೆಪ್ಪು ಎಳೆಯುವುದರ ಕಂಪ್ಯೂಟರ್ ಸಿಮ್ಯುಲೇಷನ್ ಮೇಲೆ ವಿಟಿಯುದಲ್ಲಿ ಪಿಎಚ್‌ಡಿ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?
ಓದುಗರು, ಬೆಳಗಾವಿ

ಉತ್ತರ: ರಕ್ತದ ಹರಿವು ಆಮೇಲೆ, ಮೊದಲು ಹೆಪ್ಪು. ಕೆಂಪು ರಕ್ತಕಣ ಹೆಚ್ಚಿರುವುದು ಮೆತ್ತಗೆ, ಎಳೆದರೆ ಚೂರಾಗಿ ಮುಂದಿನ ಸಣ್ಣ ನಾಳ ಸೇರಬಹುದು. ಫೈಬ್ರಿನ್ (ಹೆಪ್ಪನ್ನು ಹಿಡಿದಿಡುವ ನಾರಿನಂಥ ಪ್ರೋಟೀನ್) ಹೆಚ್ಚಿದ್ದರೆ ಗಡುಸು. ಗೋಡೆಗೆ ಕಚ್ಚಿಕೊಂಡು ಸ್ಟೆಂಟಿನಿಂದ ಜಾರುತ್ತದೆ. ಎರಡಕ್ಕೂ ಒಂದೇ ಬಿಗಿತ, ಒಂದೇ ಘರ್ಷಣಾಂಕ (ಗೋಡೆಗೆ ಉಜ್ಜುವ ಹಿಡಿತದ ಅಳತೆ) ಕೊಟ್ಟರೆ ಪರದೆಯ ಮೇಲಿನ ಯಶಸ್ಸನ್ನು ನಂಬಬೇಡಿ. ಸಿ.ಟಿ. ಆಂಜಿಯೋದಿಂದ (ರಕ್ತನಾಳ ತೋರಿಸುವ ಸ್ಕ್ಯಾನ್) ನಾಳದ ಆಕಾರ ತೆಗೆಯುವಾಗ ತಿರುವುಗಳನ್ನು ಅತಿಯಾಗಿ ನುಣುಪು ಮಾಡಬಾರದು. ಸುಮಾರು 3 ಮಿ.ಮೀ. ನಾಳದಲ್ಲಿ ಅರ್ಧ ಮಿ.ಮೀ. ತಪ್ಪೂ ದೊಡ್ಡದೇ. ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಒಡೆದ ಸಣ್ಣ ತುಂಡುಗಳ ಜಾಲ) ಇನ್ನಷ್ಟು ಸಣ್ಣದು ಮಾಡಿ ಮತ್ತೆ ಓಡಿಸಿ, ಸಿಲಿಕೋನ್ ನಾಳದ ಪ್ರಯೋಗದೊಂದಿಗೆ ಹೋಲಿಸಿ. ರೋಗಿಗಳ ಸ್ಕ್ಯಾನ್ ಬೇಕಾದರೆ ಆಸ್ಪತ್ರೆಯ ನೈತಿಕ ಸಮಿತಿಗೆ ಈಗಲೇ ಅರ್ಜಿ ಹಾಕಿ. ಒಪ್ಪಿಗೆಗೆ ತಿಂಗಳುಗಳೇ ಹಿಡಿದಾವು.