ಪ್ರಾರ್ಥನೆ ಫಲಿಸಿದೆ ಎಂದು ಇನ್ಸುಲಿನ್ ನಿಲ್ಲಿಸಬೇಕೇ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಬಳಿಯ ಕಾಫಿ ತೋಟದಲ್ಲಿದ್ದೇವೆ. ನನ್ನ ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರ್. ಹನ್ನೊಂದು ವರ್ಷದ ಮಗಳಿಗೆ ಕಳೆದ ಮಳೆಗಾಲದಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಸುದ್ದಿ ಕೇಳಿ ಗಂಡನ ಅಕ್ಕ ನಮ್ಮಲ್ಲಿಗೆ ಬಂದು ಉಳಿದರು, ಒಂಬತ್ತು ದಿನದ ವಿಶೇಷ ಪ್ರಾರ್ಥನೆಯಾದ ನೊವೆನಾ ನಡೆಸಿದರು. ಆಮೇಲೆ ಮಗುವಿನ ಸಕ್ಕರೆ ಇಳಿಯುತ್ತಾ ಬಂತು, ವೈದ್ಯರು ಇನ್ಸುಲಿನ್ ಅರ್ಧಕ್ಕೆ ಇಳಿಸಿದರು. ‘ದೇವರು ಕೆಲಸ ಮುಗಿಸಿದ್ದಾರೆ, ಇನ್ನೂ ಸೂಜಿ ಚುಚ್ಚುವುದು ಅಪನಂಬಿಕೆ’ ಎನ್ನುತ್ತಾರೆ ಅಕ್ಕ. ಮುಂದಿನ ವಾರದ ಪ್ರಾರ್ಥನಾ ಕೂಟದಲ್ಲಿ ನಾನು ಸಾಕ್ಷಿ ಹೇಳಿ, ಇನ್ಸುಲಿನ್ ಬಾಟಲಿಗಳನ್ನು ಶಿಲುಬೆಯ ಮುಂದೆ ಇಟ್ಟುಬಿಡಬೇಕಂತೆ. ಗಂಡ ಬಾಯಿ ಬಿಡುವುದಿಲ್ಲ. ಅಕ್ಕ ಅವರನ್ನು ಸಾಕಿ ಬೆಳೆಸಿದವರು. ರಾತ್ರಿಯ ಸೂಜಿಯನ್ನು ನಾನೀಗ ಬಚ್ಚಲುಮನೆಯಲ್ಲಿ ಕದ್ದು ಕೊಡುತ್ತಿದ್ದೇನೆ. ‘ನನ್ನ ನಂಬಿಕೆ ಸಾಲದ್ದಕ್ಕೆ ಕಾಯಿಲೆ ಪೂರ್ತಿ ಹೋಗಿಲ್ಲವಾ ಅಮ್ಮ?’ ಎಂದು ಮಗಳು ಕೇಳಿದಳು. ದೇವರಿಗೆ ಅಸಾಧ್ಯವಾದುದಿಲ್ಲ ಎಂದು ನಂಬಿ ಬೆಳೆದವಳು ನಾನು. ಈಗ ನಾನೇ ದೇವರಿಗೆ ಅಡ್ಡ ಬರುತ್ತಿದ್ದೇನೆಯೇ?

ಉತ್ತರ: ಮೊದಲು ಮಗುವಿನ ವಿಷಯ, ಆಮೇಲೆ ದೇವರ ವಿಷಯ. ಈ ಕ್ರಮಕ್ಕೆ ದೇವರು ಬೇಸರಪಡುವುದಿಲ್ಲ ಎಂಬ ಧೈರ್ಯ ನನಗಿದೆ.

ಇನ್ಸುಲಿನ್ ನಿಲ್ಲಿಸಬೇಡಿ. ಕೂಟದ ದಿನವೂ ಬೇಡ, ಅತ್ತಿಗೆಯವರ ಸಮಾಧಾನಕ್ಕಾಗಿ ಒಂದು ಹೊತ್ತಿನದೂ ಬೇಡ. ಟೈಪ್ 1 ಕಾಯಿಲೆಯಲ್ಲಿ ಮಗುವಿನ ಮೇದೋಜ್ಜೀರಕ ಗ್ರಂಥಿ ತನಗೆ ಬೇಕಾದ ಇನ್ಸುಲಿನ್ ತಯಾರಿಸಲಾರದು. ಸೂಜಿ ನಿಂತರೆ ಒಂದೆರಡು ದಿನದೊಳಗೆ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕಳಿತ ಹಣ್ಣಿನಂಥ ವಾಸನೆ, ಮಂಪರು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಸಿದ್ದಾಪುರದ ಸುತ್ತಿನ ರಸ್ತೆಗಳಲ್ಲಿ ರಾತ್ರಿ ಆನೆ ನಿಲ್ಲುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ರಾತ್ರಿ ಯಾರ ಜೀಪು ಹೊರಡುತ್ತದೆ ಎಂಬುದನ್ನು ಇವತ್ತೇ ಮಾತಾಡಿಟ್ಟುಕೊಳ್ಳಿ.

ಸಕ್ಕರೆ ಇಳಿದದ್ದೇಕೆ? ಚಿಕಿತ್ಸೆ ಆರಂಭಿಸಿದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಲ್ಲಿ ಹೀಗಾಗುತ್ತದೆ. ಹೊರಗಿನಿಂದ ಇನ್ಸುಲಿನ್ ಬಂದಾಗ, ಗ್ರಂಥಿಯಲ್ಲಿ ಇನ್ನೂ ಸಾಯದೆ ಉಳಿದ, ಇನ್ಸುಲಿನ್ ತಯಾರಿಸುವ ಕೆಲವು ಜೀವಕೋಶಗಳಿಗೆ ವಿಶ್ರಾಂತಿ ಸಿಕ್ಕಿ, ಅವು ಸ್ವಲ್ಪ ಕಾಲ ಮತ್ತೆ ಕೆಲಸ ಮಾಡುತ್ತವೆ. ವೈದ್ಯರು ಇದನ್ನು ‘ಹನಿಮೂನ್ ಅವಧಿ’ ಎನ್ನುತ್ತಾರೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ವರ್ಷ ದಾಟಿಯೂ ಇರುತ್ತದೆ. ಆಮೇಲೆ ಇನ್ಸುಲಿನ್ ಪ್ರಮಾಣ ಮತ್ತೆ ಏರುತ್ತದೆ. ನೊವೆನಾ ಮಾಡಿದ ಮನೆಯಲ್ಲೂ ಇದು ಬರುತ್ತದೆ, ಮಾಡದ ಮನೆಯಲ್ಲೂ ಬರುತ್ತದೆ. ಹಾಗೆಂದು ಇದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಬಾರದು ಎಂದಲ್ಲ. ಮಗುವಿನ ದೇಹಕ್ಕೆ ಸ್ವಲ್ಪ ಬಿಡುವು ಸಿಕ್ಕಿದೆ; ಧಾರಾಳವಾಗಿ ಹೇಳಿ. ಬಿಡುವನ್ನು ಬಿಡುಗಡೆ ಎಂದು ಸಾರಬೇಡಿ, ಅಷ್ಟೇ. ಸಾರಿದರೆ, ಆರು ತಿಂಗಳ ನಂತರ ಸಕ್ಕರೆ ಏರಿದ ದಿನ ‘ನಿಮ್ಮ ನಂಬಿಕೆ ತಪ್ಪಿತು’ ಎಂಬ ಮಾತು ಆ ಮಗುವಿನ ತಲೆಯ ಮೇಲೆ ಬಂದು ಕೂರುತ್ತದೆ. ನನಗೆ ಸೂಜಿಗಿಂತ ಆ ಮಾತಿನ ಭಯ ಹೆಚ್ಚು.

ಈಗ ದೇವರ ವಿಷಯ. ದೇವರ ಶಕ್ತಿಗೆ ಮಿತಿಯಿಲ್ಲ ಎಂದು ನೀವು ನಂಬುತ್ತೀರಿ. ನಂಬಿ. ಆ ನಂಬಿಕೆಯನ್ನು ಒಂದಿಂಚು ಕುಗ್ಗಿಸಲು ನಾನು ಇಲ್ಲಿ ಕೂತಿಲ್ಲ. ಆದರೆ ಮಿತಿಯಿಲ್ಲದ ಶಕ್ತಿಗೆ ಒಂದು ಸೀಸೆ ಔಷಧ ಹೇಗೆ ಅಡ್ಡಿಯಾದೀತು? ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ ಕೆಲಸ ಮಾಡಲಾಗದ ದೇವರು ಎಂದರೆ, ಮಿತಿ ಹಾಕುತ್ತಿರುವವರು ಯಾರಾದಂತಾಯಿತು?

ಮತ್ತಾಯನ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ನಿಮ್ಮ ಅತ್ತಿಗೆಯವರ ಜೊತೆಯಲ್ಲೇ ಕೂತು ಓದಿ. ಸೈತಾನ ಯೇಸುಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ‘ಕೆಳಗೆ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ’ ಎನ್ನುತ್ತಾನೆ. ಅವನು ಆ ಮಾತನ್ನು ತೊಂಬತ್ತೊಂದನೆಯ ಕೀರ್ತನೆಯಿಂದಲೇ ಎತ್ತಿದ್ದು, ಧರ್ಮಗ್ರಂಥದಿಂದಲೇ. ದೂತರು ಹಿಡಿಯುತ್ತಿದ್ದರೇನೋ. ಆದರೂ ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದು ಎಂದರು. ತಂದೆಯ ಶಕ್ತಿಯ ಬಗ್ಗೆ ಅವರಿಗೆ ಅನುಮಾನವಿತ್ತು ಎಂದು ಯಾರಾದರೂ ಹೇಳುತ್ತಾರೆಯೇ? ಬಾಟಲಿಗಳನ್ನು ಶಿಲುಬೆಯ ಮುಂದಿಟ್ಟು ಕೈಚೆಲ್ಲುವುದೂ ಅದೇ ಶಿಖರ. ವ್ಯತ್ಯಾಸವೆಂದರೆ, ಇಲ್ಲಿ ಧುಮುಕಬೇಕಾದವಳು ನಿಮ್ಮ ಮಗಳು.

ನಮ್ಮ ಜಿಲ್ಲೆಯಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಎಲ್ಲ ಜಾತಿ ಮತದವರೂ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಬೇಡಿಕೊಳ್ಳುತ್ತಾರೆ. ಬೇಡಿಕೊಂಡವರೇ ಮನೆಗೆ ಬಂದು ಪಂಪ್‌ಸೆಟ್ ರಿಪೇರಿ ಮಾಡಿಸುತ್ತಾರೆ, ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಎಳೆಯುತ್ತಾರೆ. ಮಳೆ ಬಂದರೆ ಪಂಪು ನಿಲ್ಲಿಸಿ ದೇವರಿಗೆ ಕೈಮುಗಿಯುತ್ತಾರೆ. ಸ್ಪ್ರಿಂಕ್ಲರ್ ಇಟ್ಟುಕೊಂಡ ಬೆಳೆಗಾರನನ್ನು ಯಾವ ಗುರುಗಳೂ ಅವಿಶ್ವಾಸಿ ಎಂದದ್ದು ನಾನು ಕೇಳಿಲ್ಲ. ಕಾಫಿ ಹೂವಿಗೆ ಇರುವ ಈ ವಿನಾಯಿತಿ ಮಗುವಿಗೆ ಇಲ್ಲವೇ?

ನಿಮ್ಮ ಧರ್ಮಸಭೆಯೂ ಇದನ್ನೇ ಹೇಳುತ್ತದೆ. ಕಥೋಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆಗೆದು ನೋಡಿ: ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ಜಾಣನಾದವನು ಅದನ್ನು ತಿರಸ್ಕರಿಸುವುದಿಲ್ಲ ಎಂದಿದೆ. ಕಾಯಿಲೆ ಬಿದ್ದಾಗ ಪ್ರಾರ್ಥಿಸು, ವೈದ್ಯನಿಗೂ ಸ್ಥಳ ಬಿಡು ಎಂದು ಎರಡನ್ನೂ ಒಟ್ಟಿಗೆ ಹೇಳಿದೆ. ಪವಾಡದ ವಿಷಯದಲ್ಲಿ ಧರ್ಮಸಭೆ ನಮ್ಮ ಪ್ರಾರ್ಥನಾ ಕೂಟಗಳಷ್ಟು ಅವಸರ ಮಾಡುವುದಿಲ್ಲ. ಫ್ರಾನ್ಸಿನ ಲೂರ್ದಿನಲ್ಲಿ ಮರಿಯ ಮಾತೆಯ ದರ್ಶನವಾಯಿತೆನ್ನುವುದು 1858ರಲ್ಲಿ. ಅಂದಿನಿಂದ ಸಾವಿರಾರು ಜನ ತಾವು ಗುಣವಾದೆವು ಎಂದು ಹೇಳಿಕೊಂಡಿದ್ದಾರೆ. ವೈದ್ಯರ ಮಂಡಳಿ ವರ್ಷಗಟ್ಟಲೆ ದಾಖಲೆ ನೋಡಿದ ಮೇಲೆ ಧರ್ಮಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ದೇವರು ನಿಮ್ಮ ಮಗಳನ್ನು ಪೂರ್ತಿ ಗುಣಪಡಿಸಿದರೆ ಸಕ್ಕರೆ ಅಳೆಯುವ ನಿಮ್ಮ ಗ್ಲುಕೋಮೀಟರಿಗೂ ಅದು ಗೊತ್ತಾಗುತ್ತದೆ. ವೈದ್ಯರೇ ರಕ್ತಪರೀಕ್ಷೆ ಮಾಡಿ, ತಲೆ ಕೆರೆದುಕೊಂಡು, ‘ಇನ್ನು ಸೂಜಿ ಬೇಡ’ ಎನ್ನುತ್ತಾರೆ. ಆ ದಿನದವರೆಗೆ ಕಾದರೆ ದೇವರಿಗೆ ನಷ್ಟವೇನೂ ಇಲ್ಲ.

ಅತ್ತಿಗೆಯವರ ಮೇಲೆ ನನಗೆ ಸಿಟ್ಟಿಲ್ಲ. ಮನೆ ಬಿಟ್ಟು ಬಂದು ತಮ್ಮನ ಮಗಳಿಗಾಗಿ ಒಂಬತ್ತು ದಿನ ಮೊಣಕಾಲೂರಿದ ಹೆಂಗಸು. 1922ಕ್ಕೆ ಮೊದಲು ಅವರು ಮಾಡಿದ್ದಕ್ಕಿಂತ ಹೆಚ್ಚಿನದೇನನ್ನೂ ಯಾರೂ ಮಾಡಲಾಗುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುತ್ತಿದ್ದರು. ಅವರ ತಾಯಂದಿರೂ ಪ್ರಾರ್ಥಿಸಿದ್ದರು, ನಿಮ್ಮಷ್ಟೇ ಗಟ್ಟಿಯಾಗಿ. ಆ ಎಲ್ಲ ಪ್ರಾರ್ಥನೆಗೆ ಬಂದ ಉತ್ತರವೇ ನಿಮ್ಮ ಫ್ರಿಜ್ಜಿನಲ್ಲಿದೆ ಎಂದು ಯಾಕೆ ತಿಳಿಯಬಾರದು? ನಾನಂತೂ ಹಾಗೆಯೇ ತಿಳಿದಿದ್ದೇನೆ.

ನಿಮ್ಮ ಮಗಳ ಪ್ರಶ್ನೆ ಇದೆಯಲ್ಲ, ಅದು ನನ್ನನ್ನು ಎರಡು ದಿನ ಕಾಡಿತು. ನಂಬಿಕೆ ಇಷ್ಟಿದ್ದರೆ ಉತ್ತರ ಇಷ್ಟು ಎಂಬ ಲೆಕ್ಕ ಬೈಬಲಿನಲ್ಲಿ ನಿಲ್ಲುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಹನ್ನೆರಡನೆಯ ಅಧ್ಯಾಯವೊಂದೇ ಸಾಕು. ಅರಸ ಹೆರೋದ ಯಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಪೇತ್ರನನ್ನು ಸೆರೆಗೆ ಹಾಕುತ್ತಾನೆ, ದೂತ ಬಂದು ಬಿಡಿಸುತ್ತಾನೆ. ಇಬ್ಬರೂ ಯೇಸುವಿನ ಆಪ್ತ ಶಿಷ್ಯರೇ. ಯಕೋಬನ ನಂಬಿಕೆ ಎಲ್ಲಿ ಸಾಲದೆ ಹೋಯಿತು ಎಂದು ಅಲ್ಲಿ ಒಂದು ಸಾಲೂ ಇಲ್ಲ. ತಮಾಷೆಯೆಂದರೆ, ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದ ಮನೆಯ ಬಾಗಿಲನ್ನು ಅವನೇ ಬಂದು ತಟ್ಟಿದಾಗ ಒಳಗಿದ್ದವರು ನಂಬಲಿಲ್ಲ. ಸುದ್ದಿ ತಂದ ಕೆಲಸದ ಹುಡುಗಿಗೆ ‘ನಿನಗೆ ಹುಚ್ಚು’ ಎಂದರು. ಅಷ್ಟು ನಂಬಿಕೆಗೇ ಪ್ರಾರ್ಥನೆ ಫಲಿಸಿತ್ತು.

ಅಷ್ಟು ದೂರ ಯಾಕೆ, ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿಗೆ ನೀವು ಹೋಗಿಯೇ ಇರುತ್ತೀರಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟು, 1792ರಲ್ಲಿ ಅಲ್ಲಿ ಆರಾಧನೆ ಶುರುವಾಯಿತು. ಅವರ ಜೊತೆಯಲ್ಲೇ ಸೆರೆಗೆ ಹೋದ ಇತರರು 1799ರವರೆಗೂ ಅಲ್ಲೇ ಉಳಿದರು, ಎಷ್ಟೋ ಜನ ಅಲ್ಲೇ ಸತ್ತರು. ಜಪಸರ ಅವರ ಕೈಯಲ್ಲೂ ಇತ್ತು. ಬದುಕಿ ಬಂದವರು ಸತ್ತವರಿಗಿಂತ ಹೆಚ್ಚು ನಂಬಿದ್ದರು ಎಂದು ಹೇಳುವ ಎದೆಗಾರಿಕೆ ಯಾರಿಗಿದೆ? ಕೆಲವರಿಗೆ ಯಾಕೆ ಬಿಡುಗಡೆ, ಕೆಲವರಿಗೆ ಯಾಕಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಂತ ಪೌಲನೂ ತನ್ನ ಮೈಯಲ್ಲಿದ್ದ ಮುಳ್ಳನ್ನು ತೆಗೆಯಿರಿ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆ ನಿನಗೆ ಸಾಕು’ ಎಂಬ ಮಾತು ಬಂತು. ಅದೂ ಉತ್ತರವೇ, ಕೇಳಿದ್ದು ಮಾತ್ರ ಅದಲ್ಲ.

ಹಾಗಾಗಿ ಮಗಳಿಗೆ ಇಂದೇ ಹೇಳಿ: ‘ಈ ಕಾಯಿಲೆ ನಿನ್ನ ತಪ್ಪಿನಿಂದ ಬಂದದ್ದಲ್ಲ, ನಿನ್ನ ನಂಬಿಕೆ ಸಾಲದೆ ಉಳಿದದ್ದೂ ಅಲ್ಲ.’ ಹುಟ್ಟುಕುರುಡನನ್ನು ಕಂಡು ‘ಯಾರ ಪಾಪಕ್ಕೆ ಇವನು ಹೀಗೆ ಹುಟ್ಟಿದ?’ ಎಂದು ಶಿಷ್ಯರು ಕೇಳಿದಾಗ, ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಎಂದವರು ಯೇಸುವೇ. ಯಾಯೀರನ ಮಗಳ ಕಥೆಯನ್ನೂ ಓದಿ ಹೇಳಿ. ಅವಳಿಗೆ ಹನ್ನೆರಡು ವರ್ಷ, ನಿಮ್ಮವಳಿಗಿಂತ ಒಂದೇ ವರ್ಷ ದೊಡ್ಡವಳು. ಸತ್ತ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಯೇಸು ಮನೆಯವರಿಗೆ ಹೇಳಿದ್ದೇನು ಗೊತ್ತೇ? ‘ಅವಳಿಗೆ ತಿನ್ನಲು ಏನಾದರೂ ಕೊಡಿ.’ ಅಂಥ ಪವಾಡದ ನಂತರವೂ ಊಟ ಬಡಿಸುವ ಕೆಲಸವನ್ನು ಅವರು ಮನೆಯವರಿಗೇ ಬಿಟ್ಟರು.

ಕದ್ದು ಕೊಡುವುದನ್ನು ನಿಲ್ಲಿಸಿ. ಬಚ್ಚಲುಮನೆಯಲ್ಲಿ ಚುಚ್ಚಿಸಿಕೊಂಡ ಮಗು, ಇದು ನಾಚಿಕೆಪಡುವಂಥದ್ದು ಎಂದು ಕಲಿಯುತ್ತದೆ. ಜಗಲಿಯಲ್ಲಿ ಬೆಳಕಿಗೆ ಕೂರಿಸಿ ಕೊಡಿ. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವಾಗ ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ ಎಂಬುದನ್ನು ಅವಳೇ ಅತ್ತೆಗೆ ತೋರಿಸಲಿ. ಅಕ್ಕನ ಎದುರು ಮಾತಾಡಬೇಕಾದವರು ನೀವಲ್ಲ, ನಿಮ್ಮ ಗಂಡ. ಸೊಸೆಯ ಬಾಯಲ್ಲಿ ಬಂದರೆ ಅದು ಜಗಳವಾಗುತ್ತದೆ, ತಮ್ಮನ ಬಾಯಲ್ಲಿ ಬಂದರೆ ಕೋರಿಕೆಯಾಗುತ್ತದೆ. ‘ಅಕ್ಕಾ, ನಿನ್ನ ಪ್ರಾರ್ಥನೆ ಬೇಕು, ಇನ್ಸುಲಿನ್ನೂ ಬೇಕು’ ಎಂಬ ಒಂದೇ ವಾಕ್ಯ ಸಾಕು. ಅದೂ ಅವರಿಂದಾಗದಿದ್ದರೆ ಕೂಟಕ್ಕೆ ಮೊದಲೇ ನಿಮ್ಮ ಧರ್ಮಗುರುಗಳನ್ನು ಮನೆಗೆ ಕರೆಯಿರಿ. ಮಗುವಿಗೆ ಎಣ್ಣೆ ಹಚ್ಚಿ ಆಶೀರ್ವದಿಸಲಿ, ಔಷಧ ಬಿಡಬಾರದೆಂದು ಅಕ್ಕನಿಗೆ ಅವರೇ ಹೇಳಲಿ.

ಕೂಟದಲ್ಲಿ ಸಾಕ್ಷಿ ಹೇಳಲೇಬೇಕೆಂದರೆ ನಡೆದದ್ದನ್ನೇ ಹೇಳಿ: ಕಾಯಿಲೆ ಬಂತು, ಸಕಾಲಕ್ಕೆ ಗೊತ್ತಾಯಿತು, ಮಗು ಉಳಿಯಿತು, ಈಗ ಅರ್ಧ ಔಷಧದಲ್ಲಿ ಆಟವಾಡುತ್ತಿದ್ದಾಳೆ, ಮುಂದಕ್ಕೂ ಪ್ರಾರ್ಥಿಸಿ. ಇದಕ್ಕಿಂತ ದೊಡ್ಡದನ್ನು ಹೇಳಿ ದೇವರಿಗೆ ಉಪಕಾರ ಮಾಡಬೇಕಾಗಿಲ್ಲ.

ಇನ್ನು, ಮುಂದಿನ ಮಳೆಗಾಲಕ್ಕೆ ಈಗಲೇ ತಯಾರಾಗಿ. ತೋಟದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋದರೂ ಹೆದರಬೇಡಿ, ಬಳಸುತ್ತಿರುವ ಬಾಟಲಿ ನಮ್ಮ ಆಷಾಢದ ತಂಪಿನಲ್ಲಿ ಫ್ರಿಜ್ ಇಲ್ಲದೆಯೂ ಸುಮಾರು ನಾಲ್ಕು ವಾರ ತಡೆಯುತ್ತದೆ. ಬಿಸಿಲು ತಾಗಬಾರದು, ಒಲೆಯ ಪಕ್ಕ ಇಡಬಾರದು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಶಾಲೆಯ ಟೀಚರ ಬಳಿ ಗ್ಲುಕೋಸ್ ಪೊಟ್ಟಣವೊಂದು ಇರಲಿ. ಸಕ್ಕರೆ ತೀರಾ ಇಳಿದರೆ ಅದೂ ಅಪಾಯವೇ. ಅತ್ತಿಗೆಯವರು ಇನ್ನೂ ಕೆಲವು ದಿನ ಇರುವವರಾದರೆ ಅವರಿಗೂ ಸೂಜಿ ಹಾಕುವುದನ್ನು ಕಲಿಸಿಬಿಡಿ. ಜಪಸರ ಮುಗಿಸಿ ರಾತ್ರಿಯ ಇನ್ಸುಲಿನ್ ಅವರೇ ಕೊಡಲಿ. ನೀವೂ ಒಂದು ದಿನ ಬೇಗ ಮಲಗಬೇಡವೇ?