ಆಕ್ಸಿಜನ್ 98 ಇದ್ದರೂ ಉಸಿರು ಸಾಲದು ಅನ್ನಿಸುವುದು ಯಾಕೆ?

ನೀವು ಕೇಳಿರುವುದು ಇಷ್ಟು: ಕೊರೊನಾ ಶುರುವಾದಾಗಿನಿಂದ ಆಗಾಗ ಉಸಿರು ಕಟ್ಟಿದ ಹಾಗಾಗುತ್ತದೆ. ಜ್ವರ ಇಲ್ಲ, ಕೆಮ್ಮು ಇಲ್ಲ, ಟೆಸ್ಟ್ ನೆಗೆಟಿವ್. ಆಕ್ಸಿಮೀಟರ್ 98 ತೋರಿಸುತ್ತದೆ. ಡಾಕ್ಟರು ಎದೆ ಪರೀಕ್ಷೆ ಮಾಡಿ "ಇದು ಆತಂಕ, ಬೇರೇನೂ ಇಲ್ಲ" ಅಂದರು. ಬರೀ ಚಿಂತೆಯಿಂದ ಉಸಿರಾಟ ಇಷ್ಟು ಕೆಡುತ್ತದಾ, ಅಥವಾ ಅವರು ನನ್ನ ಮಾತು ತಳ್ಳಿಹಾಕಿದರಾ?

ಕೆಡುತ್ತದೆ. ಮತ್ತು ನಿಮಗೆ ಆಗುತ್ತಿರುವುದು ಕಲ್ಪನೆ ಅಲ್ಲ. "ಬೇರೇನೂ ಇಲ್ಲ" ಅನ್ನುವ ಮಾತು ನನಗೂ ಇಷ್ಟ ಆಗುವುದಿಲ್ಲ, ಯಾಕೆಂದರೆ ಮೈಯಲ್ಲಿ ನಿಜಕ್ಕೂ ಏನೋ ಆಗುತ್ತಿರುತ್ತದೆ. ನಾನು ಡಾಕ್ಟರ್ ಅಲ್ಲ. ಆದರೆ ಚಿಕ್ಕಂದಿನಿಂದ ಅಸ್ತಮಾ ಇದೆ, 2020ರಲ್ಲಿ ಅದರ ಜೊತೆಗೆ ಆತಂಕದ ಉಸಿರುಗಟ್ಟುವಿಕೆಯೂ ಸೇರಿಕೊಂಡಿತು. ಎರಡರ ರುಚಿಯೂ ಗೊತ್ತು. ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ನನ್ನ ಡಾಕ್ಟರ ತಲೆ ತಿಂದಿದ್ದೇನೆ.

ಮೊದಲು ಒಂದು ವಿಷಯ ತಿಳಿಯಬೇಕು. ಉಸಿರು ಸಾಲದು ಅನ್ನುವ ಅನಿಸಿಕೆ ಬೇರೆ, ರಕ್ತದಲ್ಲಿರುವ ಆಕ್ಸಿಜನ್ ಬೇರೆ. ಎರಡೂ ಒಟ್ಟಿಗೇ ಏರಿಳಿಯಬೇಕು ಅಂತೇನಿಲ್ಲ. ಕೋವಿಡ್ ಬಂದ ಕೆಲವರಿಗೆ ಆಕ್ಸಿಜನ್ 80ರ ಆಸುಪಾಸಿಗೆ ಇಳಿದಿದ್ದರೂ ಆರಾಮಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ನಿಮಗೆ ಅದರ ಉಲ್ಟಾ ಆಗುತ್ತಿದೆ. ಆಕ್ಸಿಜನ್ ಬೇಕಾದಷ್ಟಿದೆ, ಆದರೂ ಸಾಲದು ಅನ್ನಿಸುತ್ತಿದೆ.

ಇದಕ್ಕೆ ಕಾರಣ, ಉಸಿರಾಟವನ್ನು ನಡೆಸುವ ಮೆದುಳಿನ ಕೆಳಭಾಗ ಮುಖ್ಯವಾಗಿ ಗಮನಿಸುವುದು ಕಾರ್ಬನ್ ಡೈ ಆಕ್ಸೈಡನ್ನು. ಅದು ಸ್ವಲ್ಪ ಏರಿದರೂ ಸಾಕು, ಉಸಿರಾಡು ಉಸಿರಾಡು ಅಂತ ಒತ್ತಾಯ ಶುರು. ಈ ಅಲಾರಂ ಎಷ್ಟು ಗಟ್ಟಿ ಅಂದರೆ, 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಭಯಕ್ಕೆ ಮುಖ್ಯವಾದ ಅಮಿಗ್ಡಲಾ ಎಂಬ ಭಾಗ ಮೆದುಳಿನ ಎರಡೂ ಬದಿಯಲ್ಲಿ ಹಾಳಾಗಿದ್ದ ಮೂವರಿಗೆ ಶೇಕಡಾ 35ರಷ್ಟು ಕಾರ್ಬನ್ ಡೈ ಆಕ್ಸೈಡ್ ಇದ್ದ ಗಾಳಿ ಉಸಿರಾಡಲು ಕೊಟ್ಟರು. ಅವರಲ್ಲಿ ಒಬ್ಬರು ಹಾವು ಕಂಡರೂ ಹೆದರದವರು. ಆದರೂ ಮೂವರೂ ಗಾಬರಿಯಿಂದ ಒದ್ದಾಡಿಬಿಟ್ಟರು. ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯರು 1993ರಲ್ಲೇ ಪ್ಯಾನಿಕ್ ಅಟ್ಯಾಕನ್ನು, ಅಂದರೆ ಇದ್ದಕ್ಕಿದ್ದಂತೆ ಬಂದು ಅಪ್ಪಳಿಸುವ ತೀವ್ರ ಗಾಬರಿಯನ್ನು, ಹೀಗೆ ವಿವರಿಸಿದ್ದರು: ಇದು ಉಸಿರುಗಟ್ಟುವಿಕೆಯ ಸುಳ್ಳು ಅಲಾರಂ. ಎಲ್ಲ ಪ್ಯಾನಿಕ್ ಅಟ್ಯಾಕಿಗೂ ಇದು ಹೊಂದುತ್ತದಾ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ. ನನ್ನ ಅನುಭವಕ್ಕಂತೂ ಇದು ತುಂಬಾ ಹತ್ತಿರ.

ಈಗ ಆತಂಕದ ಹೊತ್ತಲ್ಲಿ ಏನಾಗುತ್ತದೆ ನೋಡಿ. ಅಪಾಯ ಇದೆ ಅನ್ನಿಸಿದ ಕೂಡಲೇ ಮೈ ಓಡುವುದಕ್ಕೆ ತಯಾರಾಗುತ್ತದೆ. ಉಸಿರು ಜೋರಾಗುತ್ತದೆ. ಆದರೆ ನೀವು ಓಡುವುದಿಲ್ಲ, ಮಂಚದ ಮೇಲೆ ಮಲಗಿರುತ್ತೀರಿ. ಮೈಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಗಾಳಿ ಒಳಗೆ ಹೊರಗೆ ಆಗಿ ಕಾರ್ಬನ್ ಡೈ ಆಕ್ಸೈಡ್ ತೀರಾ ಇಳಿಯುತ್ತದೆ. ರಕ್ತದ ಕ್ಷಾರಗುಣ ಏರುತ್ತದೆ. ಮೆದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ, ಅದಕ್ಕೇ ತಲೆ ಹಗುರಾದ ಹಾಗೆ, ಸುತ್ತಲಿನದ್ದು ದೂರ ಹೋದ ಹಾಗೆ ಅನ್ನಿಸುವುದು. ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ. ತುಂಬಾ ಹೊತ್ತು ಹೀಗೇ ಆದರೆ ಬೆರಳುಗಳು ಸೆಟೆದುಕೊಳ್ಳಲೂಬಹುದು. ಇದನ್ನೆಲ್ಲ ನೋಡಿ ಮನಸ್ಸು "ನೋಡು, ನಿಜಕ್ಕೂ ಏನೋ ಆಗ್ತಿದೆ" ಅಂತ ಇನ್ನಷ್ಟು ಹೆದರುತ್ತದೆ. ಉಸಿರು ಮತ್ತೂ ಜೋರಾಗುತ್ತದೆ.

ಹಾಗಾದರೆ ಗಾಳಿ ಜಾಸ್ತಿಯಾಗಿದ್ದೂ ಸಾಲದು ಅನ್ನಿಸುವುದು ಯಾಕೆ? ಗಾಬರಿಯಲ್ಲಿ ನಾವು ಎದೆಯ ಮೇಲ್ಭಾಗದಿಂದ ಉಸಿರಾಡುತ್ತೇವೆ, ಹೆಗಲು ಮೇಲೇಳುತ್ತದೆ, ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಮತ್ತೆ ಒಳಗೆಳೆಯುತ್ತೇವೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಎಷ್ಟು ಎಳೆದರೂ ಆ "ಸಾಕು" ಅನ್ನುವ ಹಂತ ಸಿಗುವುದಿಲ್ಲ. ಮೇಲಿಂದ ಮೇಲೆ ನಿಟ್ಟುಸಿರು, ಆಕಳಿಕೆ. ಕತ್ತಿನ ಸ್ನಾಯು, ಪಕ್ಕೆಲುಬಿನ ನಡುವಿನ ಸ್ನಾಯು ದಣಿದು ಎದೆ ಬಿಗಿಯುತ್ತದೆ. ಆ ಬಿಗಿತ ನಿಜವಾದದ್ದೇ.

ಮಹಾಮಾರಿಯ ಕಾಲದಲ್ಲಿ ಇದು ಇಷ್ಟೊಂದು ಜನರಿಗೆ ಯಾಕೆ ಬಂತು ಅಂದರೆ, ನಾವು ಹೆದರಿದ್ದ ಕಾಯಿಲೆಯ ಲಕ್ಷಣವೂ ಇದೇ ಆಗಿತ್ತು. ಹೊಟ್ಟೆನೋವಿನ ಕಾಯಿಲೆಯಾಗಿದ್ದರೆ ಎಲ್ಲರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆವು. ಇಲ್ಲಿ ಉಸಿರನ್ನೇ ಕಾಯುತ್ತಾ ಕೂತೆವು. ಉಸಿರು ತಾನಾಗಿಯೂ ನಡೆಯುತ್ತದೆ, ನಾವು ಬೇಕೆಂದಾಗ ನಮ್ಮ ಕೈಗೂ ಬರುತ್ತದೆ. ದಿನವಿಡೀ ಅದರ ಮೇಲೇ ಗಮನ ಇಟ್ಟರೆ ಲಯ ತಪ್ಪುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಬೆರಳ ಮೇಲೆ ಆಕ್ಸಿಮೀಟರಿನ ಆ ಕೆಂಪು ಬೆಳಕು, 98 ಇದ್ದದ್ದು 96 ಆದರೆ ಎದೆ ಧಸಕ್ಕೆನ್ನುವುದು, ಬೆರಳು ಬದಲಾಯಿಸಿ ಮತ್ತೆ ನೋಡುವುದು. ನಿಮಗೂ ಗೊತ್ತಿರಬೇಕು ಅಲ್ವಾ? ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇಕಡಾ 25ರಷ್ಟು ಹೆಚ್ಚಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ನೀವು ಒಬ್ಬರೇ ಅಲ್ಲ.

ವ್ಯತ್ಯಾಸ ತಿಳಿಯುವುದು ಹೇಗೆ? ನನ್ನ ಅಸ್ತಮಾ ಹೆಚ್ಚಾದಾಗ ಉಸಿರು ಬಿಡುವುದು ಕಷ್ಟ, ಸುಯ್ ಅನ್ನುವ ಸದ್ದು ಬರುತ್ತದೆ, ಇನ್‌ಹೇಲರ್ ತೆಗೆದುಕೊಂಡರೆ ಬಿಡುತ್ತದೆ. ಆತಂಕದ್ದು ಹಾಗಲ್ಲ. ಉಸಿರು ಒಳಗೆ ಎಳೆಯುವುದೇ ಅರ್ಧಕ್ಕೆ ನಿಂತ ಹಾಗೆ. ಸುಮ್ನೆ ಕೂತಾಗ ಜಾಸ್ತಿ, ಯಾರ ಜೊತೆಗಾದರೂ ಮಾತಿಗೆ ಬಿದ್ದರೆ ಗೊತ್ತಿಲ್ಲದೆ ಮಾಯ. ಶ್ವಾಸಕೋಶದ ತೊಂದರೆ ಸಾಮಾನ್ಯವಾಗಿ ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆ. ಕೋವಿಡ್‌ನಲ್ಲಿ ಅದು ಬರುವುದು ಹೆಚ್ಚಾಗಿ ಜ್ವರ, ಕೆಮ್ಮು ಶುರುವಾಗಿ ಐದಾರು ದಿನ ಕಳೆದ ಮೇಲೆ. ಆದರೆ ಎರಡೂ ಒಟ್ಟಿಗೆ ಇರಬಹುದು, ನನಗೆ ಇದ್ದ ಹಾಗೆ. ಉಸಿರಾಟ ಅತಿಯಾದರೆ ಅಸ್ತಮಾ ಇರುವವರ ಶ್ವಾಸನಾಳ ಇನ್ನಷ್ಟು ಬಿಗಿಯಬಹುದು. ರಕ್ತಹೀನತೆ, ಹೃದಯದ ತೊಂದರೆಯಿಂದಲೂ ಏದುಸಿರು ಬರುತ್ತದೆ. ಅದಕ್ಕೇ ಒಮ್ಮೆ ಸರಿಯಾಗಿ ಪರೀಕ್ಷೆ ಆಗಲೇಬೇಕು. ನೀವು ಅದನ್ನು ಮಾಡಿಸಿದ್ದೀರಿ, ಒಳ್ಳೆಯದು.

ಗಾಬರಿಯಾದಾಗ "ದೀರ್ಘವಾಗಿ ಉಸಿರು ಎಳೆದುಕೋ" ಅನ್ನುತ್ತಾರೆ. ನನ್ನ ಮಟ್ಟಿಗೆ ಇದು ತಪ್ಪು ಸಲಹೆ. ಎಳೆದದ್ದೇ ಜಾಸ್ತಿ ಆಗಿದೆ. ಮೊದಲು ಬಿಡಿ. ತುಟಿ ಸ್ವಲ್ಪ ಮುಂದೆ ಮಾಡಿ, ಊದಿದ ಹಾಗೆ, ನಿಧಾನಕ್ಕೆ. ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಸಣ್ಣ ಉಸಿರು, ಹೊಟ್ಟೆಯ ಮೇಲಿಟ್ಟ ಕೈ ಮೇಲೇಳಬೇಕು, ಹೆಗಲು ಏಳಬಾರದು. ಒಳಗೆ ನಾಲ್ಕು ಎಣಿಸಿದರೆ ಹೊರಗೆ ಆರು. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಹೊತ್ತನ್ನು ಉದ್ದ ಮಾಡುವುದು. ಮೊದಲ ಒಂದೆರಡು ನಿಮಿಷ ಇನ್ನೂ ಕಷ್ಟ ಅನ್ನಿಸುತ್ತದೆ. ಅಲ್ಲಿ ಕೈಬಿಡಬೇಡಿ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಪೇಪರ್ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಮಾತ್ರ ಬೇಡವೇ ಬೇಡ. ನಿಜಕ್ಕೂ ಆಕ್ಸಿಜನ್ ಕಡಿಮೆ ಇದ್ದರೆ ಅದು ಅಪಾಯ.

ಆಕ್ಸಿಮೀಟರನ್ನು ಕೈಗೆಟುಕದ ಕಡೆ ಇಡಿ. ಕಾಯಿಲೆ ಬಂದರೆ ದಿನಕ್ಕೆ ಎರಡು ಮೂರು ಸಲ ಸಾಕು, ಬೆಚ್ಚಗಿನ ಬೆರಳಿಗೆ, ನೇಲ್ ಪಾಲಿಶ್ ಇಲ್ಲದೆ. 95ರಿಂದ 100ರೊಳಗೆ ಒಂದೆರಡು ಅಂಕ ಆಚೀಚೆ ಆಗುವುದು ಸಹಜ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು, ಹಾಗಾಗಿ ಬರೀ ಅಂಕಿಯನ್ನೇ ನಂಬಬಾರದು. 94 ಅಥವಾ ಅದಕ್ಕಿಂತ ಕೆಳಗೆ ನಿಂತರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಎದೆನೋವು ಬಂದರೆ, ಮಂಪರು ಕವಿದರೆ ಆತಂಕ ಅಂದುಕೊಂಡು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ ಹತ್ತಿರ ಮತ್ತೆ ಹೋಗಿ, ಎರಡು ವಿಷಯ ನೇರವಾಗಿ ಕೇಳಿ. ಉಸಿರಾಟದ ಅಭ್ಯಾಸ ತಿದ್ದುವ ಫಿಸಿಯೋಥೆರಪಿಸ್ಟ್ ಸಿಗುತ್ತಾರಾ? ಆತಂಕಕ್ಕೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿ ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ಮಾಡುವವರು ಸಿಗುತ್ತಾರಾ? ನನಗೆ ಹೆಚ್ಚು ಉಪಯೋಗ ಆದದ್ದು ಈ ಎರಡನೆಯದು.